ಹಾವುಗಳ ಬಿಸಿ ರ‍್ಯಾಕ್: ಕಟ್ಟುವುದೋ, ಕೊಳ್ಳುವುದೋ?

ಸಾಕಿದ ಹಾವುಗಳು ನಾಲ್ಕೈದಾಗುತ್ತಿದ್ದಂತೆ, ಒಂದೊಂದನ್ನೂ ಒಂದೊಂದು ಪ್ಲಾಸ್ಟಿಕ್ ಟಬ್‌ನಲ್ಲಿ ಅಂತಸ್ತು ಅಂತಸ್ತಾಗಿ ಬೆಚ್ಚಗಿಡುವ ರ‍್ಯಾಕನ್ನು ಕಟ್ಟುವುದೋ ಕೊಳ್ಳುವುದೋ ಎಂಬ ಪ್ರಶ್ನೆ ಎದುರಾಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಲಗೆಯ ಕೆಲಸವನ್ನು ನೀವೇ ಮಾಡಬಹುದು, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟನ್ನು ಮಾತ್ರ ಕೊಂಡೇ ತರಬೇಕು. ಕೊಯ್ದ ಹಲಗೆ ಅಳತೆಗಿಂತ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ ಎನ್ನುವವರು ಇಡೀ ರ‍್ಯಾಕನ್ನೇ ಸಿದ್ಧವಾಗಿ ಕೊಳ್ಳಲಿ. ಒಂದೇ ಹಾವು ಇರುವವರಿಗೆ ರ‍್ಯಾಕಿನ ಅಗತ್ಯವೇ ಇಲ್ಲ; ಅದಕ್ಕೆ ಮೈ ಚಾಚಿ ಓಡಾಡುವಷ್ಟು ದೊಡ್ಡ ಗೂಡು ಕೊಡಿ. ಮರಿಗಳನ್ನು ಬೆಳೆಸಲು, ಹೊಸದಾಗಿ ಬಂದ ಹಾವನ್ನು ಉಳಿದವುಗಳಿಂದ ದೂರವಿಡಲು ರ‍್ಯಾಕ್ ಬಹಳ ಒಳ್ಳೆಯದು. ಬೆಳೆದ ಹಾವನ್ನು ಅದರಲ್ಲೇ ಇಡುವುದಾದರೆ, ಅದು ಪೂರ್ತಿ ಚಾಚಿಕೊಳ್ಳುವಷ್ಟು ಉದ್ದದ ಟಬ್ ಸಿಗದಿದ್ದರೆ ಆ ಯೋಚನೆಯನ್ನೇ ಬಿಡಿ ಎನ್ನುತ್ತೇನೆ.

ಕಟ್ಟುವವರು ಶುರು ಮಾಡಬೇಕಾದದ್ದು ಹಲಗೆಯಿಂದಲ್ಲ, ಟಬ್‌ನಿಂದ. ಮೊದಲು ಟಬ್‌ಗಳನ್ನು ಕೊಳ್ಳಿ. ಎಲ್ಲವೂ ಒಂದೇ ಮಾದರಿಯವಾಗಿರಲಿ, ಎರಡು ಮೂರು ಹೆಚ್ಚುವರಿಯೂ ಇರಲಿ. ಸಾಮಾನು ತುಂಬಿಡುವ ಪ್ಲಾಸ್ಟಿಕ್ ಡಬ್ಬಗಳ ಮಾದರಿಯನ್ನು ತಯಾರಕರು ಯಾವಾಗ ಬೇಕಾದರೂ ನಿಲ್ಲಿಸಬಹುದು. ಆಮೇಲೆ ಒಂದು ಟಬ್ ಸೀಳಿದರೆ ಆ ಅಂತಸ್ತೇ ವ್ಯರ್ಥವಾಗುತ್ತದೆ. ರ‍್ಯಾಕಿಗೆಂದೇ ಮಾಡಿದ ಟಬ್‌ಗಳಲ್ಲಿ ಈ ಅಪಾಯ ಕಡಿಮೆ, ಅವುಗಳ ಗೋಡೆಯೂ ದಪ್ಪ.

ಟಬ್ ಕೈಗೆ ಬಂದ ಮೇಲೆ ಅಳೆಯಿರಿ. ತಯಾರಕರು ಬರೆದ ಅಳತೆಯನ್ನು ನಂಬದೆ ಅಂಚಿನಿಂದ ಅಂಚಿಗೆ ನೀವೇ ಅಳೆಯಬೇಕು. ಮುಚ್ಚಳವಿಲ್ಲದ ರ‍್ಯಾಕಿನಲ್ಲಿ ಮೇಲಿನ ಹಲಗೆಯೇ ಕೆಳಗಿನ ಟಬ್‌ಗೆ ಮುಚ್ಚಳ. ಆದ್ದರಿಂದ ಅಂಚಿಗೂ ಹಲಗೆಗೂ ನಡುವಿನ ಸಂದು ಎರಡು ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಟಬ್ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಮರಿ ಹೊರಗೆ ಹೋಗುತ್ತದೆ. ಪೆನ್ಸಿಲ್ ತೂರುವ ಸಂದಿನಲ್ಲಿ ಕಾರ್ನ್ ಸ್ನೇಕ್ ಎಂಬ ತೆಳ್ಳನೆಯ ಸಾಕುಹಾವಿನ ಮರಿಯೂ ತೂರುತ್ತದೆ. ಅಗಲದಲ್ಲಿ ಎರಡೂ ಬದಿ ಸೇರಿ ನಾಲ್ಕೈದು ಮಿಲಿಮೀಟರ್ ಸಡಿಲ ಇದ್ದರೆ ಸಾಕು. ಹಿಂಬದಿಯಲ್ಲಿ ತಂತಿಗಳಿಗೆ ಎರಡು ಮೂರು ಸೆಂಟಿಮೀಟರ್ ಜಾಗ ಬಿಡಿ; ಟಬ್ ಹಿಂದೆ ಸರಿದು ತಂತಿಯನ್ನು ಜಜ್ಜದಂತೆ ಅಲ್ಲೊಂದು ತಡೆಪಟ್ಟಿ ಹಾಕಿ.

ಹಲಗೆಯ ವಿಷಯದಲ್ಲಿ ನನಗೆ ಪಿವಿಸಿ ಫೋಮ್ ಹಲಗೆಯೇ ಇಷ್ಟ. ಅದು ಹಗುರ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶುಭ್ರವಾಗುತ್ತದೆ, ಶಾಖವನ್ನೂ ಹಿಡಿದಿಡುತ್ತದೆ. ಆದರೆ ಉದ್ದವಾಗಿ ಹಾಸಿದರೆ ಭಾರಕ್ಕೆ ನಡುವೆ ಬಾಗುತ್ತದೆ. ಎರಡು ಟಬ್ ಅಕ್ಕಪಕ್ಕ ಇಡುವುದಾದರೆ ಮಧ್ಯೆ ಒಂದು ನಿಲುವು ಹಲಗೆ ಬೇಕೇ ಬೇಕು. ಮೆಲಮೈನ್ ಹೊದಿಸಿದ ಮರದ ಪುಡಿಯ ಹಲಗೆ ನೆಟ್ಟಗೆ ನಿಲ್ಲುತ್ತದೆ, ಆದರೆ ಬಹಳ ಭಾರ. ಅದರ ಕೊಯ್ದ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ, ಎರಡು ಮಿಲಿಮೀಟರಿನ ಸಂದು ಅಲ್ಲಿಗೆ ಮುಗಿಯಿತು. ಪ್ಲೈವುಡ್‌ಗೆ ವಾರ್ನಿಷ್ ಬಳಿದರೆ ವಾಸನೆ ಪೂರ್ತಿ ಹೋಗುವವರೆಗೆ ಹಾವನ್ನು ಒಳಗೆ ಬಿಡಬೇಡಿ. ದೇವದಾರು ಜಾತಿಯ ಘಮಘಮಿಸುವ ಮರಗಳ ಎಣ್ಣೆ ಹಾವುಗಳಿಗೆ ಆಗಿಬರುವುದಿಲ್ಲ.

ಇನ್ನು ಬಿಸಿ. ಹಾವು ತನ್ನ ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ತಿಂದದ್ದು ಅರಗಬೇಕಾದರೂ ಹೊರಗಿನ ಬಿಸಿ ಬೇಕು. ಆದರೆ ಹೊಟ್ಟೆಯ ಕೆಳಗಿನ ನೆಲ ಸುಡುತ್ತಿದ್ದರೂ ಎಷ್ಟೋ ಸಾರಿ ಅದು ಅಲ್ಲಿಂದ ಏಳದೆ ಗಾಯ ಮಾಡಿಕೊಳ್ಳುತ್ತದೆ. ಅದಕ್ಕಾಗಿಯೇ ಟಬ್‌ನ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿಗೆ ಬಿಸಿ ತುದಿ 31–32 ಡಿಗ್ರಿ ಸೆಲ್ಸಿಯಸ್, ತಂಪು ತುದಿ 25–27. ಕಾರ್ನ್ ಸ್ನೇಕ್‌ಗೆ 28–30 ಮತ್ತು 22–25. ಈ ಎರಡನ್ನು ಒಂದೇ ಥರ್ಮೋಸ್ಟಾಟಿನ ಕೆಳಗೆ ಇಡುವುದು ತರವಲ್ಲ. ರ‍್ಯಾಕ್ ಬಿಸಿ ಮಾಡಬಲ್ಲದೇ ಹೊರತು ತಂಪು ಮಾಡಲಾರದು ಎನ್ನುವುದೂ ನೆನಪಿರಲಿ. ಕೋಣೆಯೇ 30 ಡಿಗ್ರಿ ಇದ್ದರೆ ತಂಪು ತುದಿ ಎಲ್ಲಿಂದ ಬರಬೇಕು?

ಸಾಮಾನ್ಯವಾಗಿ ಬಳಸುವುದು ಹೀಟ್ ಟೇಪ್, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ಚಪ್ಪಟೆ ಪಟ್ಟಿ. ಟಬ್‌ನ ನೆಲದ ಮೂರನೇ ಒಂದು ಭಾಗವನ್ನು ಅದು ಆವರಿಸಿದರೆ ಸಾಕು. ಹಲಗೆಯಲ್ಲಿ ಟೇಪ್ ಕೂರುವಷ್ಟು ತೋಡು ತೆಗೆದು ಅದರೊಳಗೆ ಕೂರಿಸಿ. ಇಲ್ಲವಾದರೆ ಪ್ರತಿ ಸಲ ಟಬ್ ಎಳೆದಾಗ ಟೇಪ್ ಸವೆಯುತ್ತದೆ. ಟೇಪನ್ನು ಮಡಿಸಬಾರದು, ಒಂದರ ಮೇಲೊಂದು ಬರುವಂತೆ ಹಾಸಬಾರದು. ಗುರುತು ಹಾಕಿದ ಗೆರೆಯಲ್ಲೇ ಕತ್ತರಿಸಿ ತುದಿಗಳಿಗೆ ನಿರೋಧಕ ಹೊದಿಕೆ ಹಾಕಬೇಕು. ಟೇಪಿನ ಮೇಲೆ ಬರೆದಿರುವ ವೋಲ್ಟೇಜನ್ನು ತಪ್ಪದೆ ಓದಿ. 120 ವೋಲ್ಟ್‌ಗೆ ಮಾಡಿದ ಟೇಪನ್ನು 230 ವೋಲ್ಟ್‌ಗೆ ಜೋಡಿಸಿದರೆ ಶಕ್ತಿ ದುಪ್ಪಟ್ಟಾಗಿ ನಿಲ್ಲುವುದಿಲ್ಲ, ಮೂರೂವರೆ ಪಟ್ಟು ಮೀರುತ್ತದೆ. ಪಿವಿಸಿ ಫೋಮ್ 60 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ; ಅದರ ಮೇಲಿರುವ ಹಾವಿನ ಗತಿ ಅದಕ್ಕೂ ಬಹಳ ಮೊದಲೇ ಮುಗಿದಿರುತ್ತದೆ.

ತಂತಿ ಜೋಡಿಸಿದ ಟೇಪ್ ಸಿದ್ಧವಾಗಿ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ. ನೀವೇ ಜೋಡಿಸುವುದಾದರೆ ಪ್ರತಿ ಅಂತಸ್ತಿನ ಟೇಪೂ ಸಮಾನಾಂತರವಾಗಿ ಮುಖ್ಯ ತಂತಿಗೆ ಸೇರಬೇಕು. ಒಟ್ಟು ವಾಟ್ ಲೆಕ್ಕ ಸುಲಭ. ಮೀಟರಿಗೆ 30 ವಾಟ್‌ನ ಟೇಪ್ ಐದು ಅಂತಸ್ತಿನಲ್ಲಿ ತಲಾ 60 ಸೆಂಟಿಮೀಟರ್ ಇದ್ದರೆ 90 ವಾಟ್. ಥರ್ಮೋಸ್ಟಾಟ್ ಇದನ್ನು ಆರಾಮವಾಗಿ ಹೊರುವಂತಿರಲಿ. ವಿದ್ಯುತ್ ಸೋರಿಕೆಯಾದರೆ ಸರಬರಾಜನ್ನೇ ಕಡಿತಗೊಳಿಸುವ ಸ್ವಿಚ್ ಆ ಸಾಲಿನಲ್ಲಿ ಇರಲೇಬೇಕು. ನೀರಿನ ಬಟ್ಟಲನ್ನು ಹಾವು ಮಗುಚುತ್ತಲೇ ಇರುತ್ತದೆ.

ಥರ್ಮೋಸ್ಟಾಟಿನಲ್ಲಿ ಪೂರ್ತಿ ಹೊತ್ತಿ ಪೂರ್ತಿ ಆರುವ ಬಗೆ ಅಗ್ಗ. ಬಿಸಿಯನ್ನು ಸ್ವಲ್ಪಸ್ವಲ್ಪವೇ ಹೆಚ್ಚು ಕಡಿಮೆ ಮಾಡುವ ಬಗೆ ನನ್ನ ಆಯ್ಕೆ. ಯಾವುದೇ ಆಗಲಿ, ಕೆಡುವಾಗ ಅದು ಹೊತ್ತಿಕೊಂಡೇ ನಿಂತುಬಿಡುವ ಸಾಧ್ಯತೆ ಇದೆ. ಆದ್ದರಿಂದ ಎರಡು ಮೂರು ಡಿಗ್ರಿ ಮೇಲಕ್ಕೆ ಹೊಂದಿಸಿದ ಇನ್ನೊಂದು ಥರ್ಮೋಸ್ಟಾಟನ್ನು ಮೊದಲನೆಯದರ ಹಿಂದೆ ಸರಣಿಯಲ್ಲಿ ಜೋಡಿಸಿ, ಅದಕ್ಕೆ ಪ್ರತ್ಯೇಕ ಪ್ರೋಬ್ (ಬಿಸಿ ಅಳೆಯುವ ತಂತಿಯ ತುದಿ) ಕೊಡಿ. ಇದನ್ನು ಖರ್ಚು ಎಂದು ಕೈಬಿಡುವವರ ಜೊತೆ ನಾನು ವಾದಕ್ಕಿಳಿಯುತ್ತೇನೆ.

ಪ್ರೋಬ್ ಟೇಪಿನ ಮೇಲೆ, ಟಬ್‌ನ ಹೊರಗೆ ಅಂಟಿರಲಿ. ಒಳಗಿಟ್ಟರೆ ಹಾವು ಅದನ್ನು ದೂಡುತ್ತದೆ, ಅಥವಾ ಅದರ ಮೇಲೆ ಮೂತ್ರ ಮಾಡುತ್ತದೆ. ತಣ್ಣಗಾದ ಪ್ರೋಬ್ ಇನ್ನಷ್ಟು ಬಿಸಿ ಬೇಕೆಂದು ಕೇಳುತ್ತದೆ. ಎಲ್ಲ ಅಂತಸ್ತುಗಳನ್ನೂ ಅಳೆದು, ಯಾವುದು ಹೆಚ್ಚು ಬಿಸಿಯಾಗುತ್ತದೆಯೋ ಅಲ್ಲಿ ಪ್ರೋಬ್ ಇಡಿ. ಸಾಮಾನ್ಯವಾಗಿ ಅದು ಮೇಲಿನವುಗಳಲ್ಲಿ ಒಂದು. ಥರ್ಮೋಸ್ಟಾಟ್ ತೋರಿಸುವ ಅಂಕಿ ಟೇಪಿನದು, ಹಾವಿನದಲ್ಲ. ಒಳಗಿನ ನೆಲವನ್ನು ಹಾಸು ಸರಿಸಿ ಅಳೆಯಿರಿ, ಏಕೆಂದರೆ ಹಾವೂ ಹಾಸನ್ನು ಸರಿಸಿ ಬರಿಯ ಪ್ಲಾಸ್ಟಿಕ್ಕಿನ ಮೇಲೆಯೇ ಮಲಗುತ್ತದೆ.

ಗಾಳಿಯ ತೂತುಗಳನ್ನು ಬಿಸಿ ಕಬ್ಬಿಣದಿಂದ ಒಳಗಿನಿಂದ ಹೊರಕ್ಕೆ ಚುಚ್ಚಿ, ಚೂಪಾದ ಅಂಚು ಹೊರಗುಳಿಯಲಿ. ಮೊದಲು ಕಡಿಮೆ ತೂತು ಮಾಡಿ, ಒಳಗೆ ಹನಿಗಟ್ಟುತ್ತಿದ್ದರೆ ಹೆಚ್ಚಿಸಿ. ಬಾಲ್ ಪೈಥಾನ್‌ಗೆ ತೇವಾಂಶ ಶೇ 60ರ ಸುತ್ತ ಇರದಿದ್ದರೆ ಪೊರೆ ಚೂರುಚೂರಾಗಿ ಬಿಡುತ್ತದೆ.

ಕೊಳ್ಳುವವರು ನೋಡಬೇಕಾದದ್ದೂ ಇವನ್ನೇ. ಟಬ್ ಒಂದೊಂದನ್ನೂ ಎಳೆದು ದೂಡಿ ನೋಡಿ, ಸಂದಿಗೆ ಪೆನ್ಸಿಲ್ ಹಿಡಿಯಿರಿ, ಟೇಪ್ ತೋಡಿನೊಳಗಿದೆಯೇ ಗಮನಿಸಿ. ಟಬ್‌ಗಳು ಬಿಡಿಯಾಗಿ ಸಿಗುತ್ತವೆಯೇ, ಒಂದು ಅಂತಸ್ತಿನ ಟೇಪ್ ಕೆಟ್ಟರೆ ಇಡೀ ರ‍್ಯಾಕ್ ಬಿಚ್ಚದೆ ಬದಲಿಸಬಹುದೇ ಎಂದು ಕೇಳಿ. ಬೆಲೆಯಲ್ಲಿ ಥರ್ಮೋಸ್ಟಾಟ್ ಸೇರಿದೆಯೇ ಎಂಬುದೂ ಮುಖ್ಯ. ಹಲವು ಸಲ ಸೇರಿರುವುದಿಲ್ಲ. ಕಟ್ಟುವ ಖರ್ಚಿನ ಜೊತೆ ಹೋಲಿಸುವಾಗ ಟಬ್, ಟೇಪ್, ಎರಡು ಥರ್ಮೋಸ್ಟಾಟ್ ಎರಡೂ ಕಡೆ ಲೆಕ್ಕಕ್ಕೆ ಬರಬೇಕು. ಹಾಗೆ ನೋಡಿದರೆ ಮೂರು ನಾಲ್ಕು ಅಂತಸ್ತಿನ ಸಣ್ಣ ರ‍್ಯಾಕ್ ಕಟ್ಟಿ ಉಳಿಯುವುದು ಹೆಚ್ಚೇನಿಲ್ಲ. ಅಂತಸ್ತು ಹೆಚ್ಚಿದಂತೆ, ಅಥವಾ ನಿಮಗೆ ಬೇಕಾದ ಅಳತೆ ಎಲ್ಲೂ ಸಿಗದಿದ್ದಾಗ, ಕಟ್ಟುವುದಕ್ಕೆ ಅರ್ಥ ಬರುತ್ತದೆ.

ಯಾವುದೇ ರ‍್ಯಾಕ್ ಆಗಲಿ, ಹಾಸು, ನೀರಿನ ಬಟ್ಟಲು, ಅವಿತುಕೊಳ್ಳುವ ಗೂಡು ಎಲ್ಲ ಇಟ್ಟು ಹಾವಿಲ್ಲದೆ ಒಂದು ವಾರ ಓಡಿಸಿ. ನಡುಹಗಲು ಮತ್ತು ನಸುಕಿನಲ್ಲಿ ಪ್ರತಿ ಅಂತಸ್ತಿನ ಎರಡೂ ತುದಿ ಅಳೆದು ಬರೆದಿಡಿ. ಅಂಕಿಗಳು ನಿಂತ ಮೇಲೆ ಮೊದಲು ಚೆನ್ನಾಗಿ ತಿನ್ನುತ್ತಿರುವ ಗಟ್ಟಿಮುಟ್ಟಾದ ಒಂದು ಹಾವನ್ನು ಬಿಡಿ. ಅದು ಎರಡು ಊಟ ಸರಿಯಾಗಿ ಅರಗಿಸಿಕೊಂಡ ಮೇಲೆ ಉಳಿದವುಗಳನ್ನು ತನ್ನಿ.