ಹಳೆಯ ಅಮೆರಿಕನ್ ವಿನೋದಾವಳಿಗಳ ಸಂಗ್ರಹ: ಡಿವಿಡಿ ಕೊಳ್ಳುವ ಮುನ್ನ ಅವಧಿ ನೋಡಿ

ಹಾಡು, ನೃತ್ಯ, ಪ್ರಹಸನ, ಜಾದೂ, ಕಸರತ್ತು ಎಲ್ಲವನ್ನೂ ಒಂದೇ ವೇದಿಕೆಗೆ ತರುವ ವಿವಿಧ ವಿನೋದಾವಳಿಗಳು 1948ರಿಂದ ಮೂರು ದಶಕಗಳ ಕಾಲ ಅಮೆರಿಕದ ಟಿ.ವಿ.ಯನ್ನು ಆಳಿದವು. ಅವುಗಳಲ್ಲಿ ಹಲವು ಈಗ ಡಿವಿಡಿಯಲ್ಲಿ ದೊರೆಯುತ್ತವೆ. ಅಮೆರಿಕದಲ್ಲಿರುವ ಮಕ್ಕಳಿಂದಲೋ ನೆಂಟರಿಂದಲೋ ತರಿಸಿಕೊಂಡು ಇವನ್ನು ಸಂಗ್ರಹಿಸಬೇಕೆನ್ನುವವರು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು, ಡಬ್ಬಿಯೊಳಗೆ ಇರುವುದು ಪ್ರಸಾರವಾದ ಇಡೀ ಕಂತೋ ಅಥವಾ ಅದರಿಂದ ಆಯ್ದ ತುಣುಕುಗಳೋ ಎಂಬುದನ್ನು.

ಸಿಬಿಎಸ್ ವಾಹಿನಿಯಲ್ಲಿ 1971ರವರೆಗೆ ಭಾನುವಾರ ರಾತ್ರಿ ಪ್ರಸಾರವಾಗುತ್ತಿದ್ದ ‘ದಿ ಎಡ್ ಸಲಿವನ್ ಶೋ’ವನ್ನೇ ನೋಡೋಣ. 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಹಾಡಿದ ಕಂತನ್ನು ಸುಮಾರು 7.3 ಕೋಟಿ ಜನ ನೋಡಿದರು. ತುಣುಕುಗಳ ಸಂಕಲನದಲ್ಲಿ ಸಿಗುವುದು ಆ ಹಾಡುಗಳು ಮಾತ್ರ. ಜಾಹೀರಾತುಗಳ ಸಮೇತ ಇಡೀ ಕಂತುಗಳನ್ನು ಕೊಡುವ ಆವೃತ್ತಿಯೂ ಇದೆ. ಅದರಲ್ಲಿ, ಬೀಟಲ್ಸ್ ಮೊದಲ ಸುತ್ತು ಹಾಡಿದ ಬಳಿಕ ಜಾದೂಗಾರ ಫ್ರೆಡ್ ಕ್ಯಾಪ್ಸ್ ಬಂದು, ಮುಷ್ಟಿಯಿಂದ ಉಪ್ಪು ಸುರಿಸುತ್ತಲೇ ಇರುವುದನ್ನು ಕಾಣುತ್ತೇವೆ. ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯ ನಾಟಕವೊಂದರ ಹುಡುಗರ ನಡುವೆ, ಮುಂದೆ ಮಂಕೀಸ್ ಎಂಬ ಪಾಪ್ ತಂಡದಲ್ಲಿ ಹೆಸರಾದ ಡೇವಿ ಜೋನ್ಸ್ ಕೂಡ ಹಾಡುತ್ತಾನೆ. ಅಂದಿನ ಪ್ರೇಕ್ಷಕರ ಮುಂದಿದ್ದದ್ದು ಈ ಇಡೀ ಸಂಜೆ. ಸಂಗ್ರಹಕ್ಕೆ ಯೋಗ್ಯವಾದದ್ದೂ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಒಟ್ಟು ಅವಧಿಯನ್ನು ಕಂತುಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಒಂದು ಗಂಟೆಯ ಕಾರ್ಯಕ್ರಮಕ್ಕೆ, ಜಾಹೀರಾತು ತೆಗೆದ ಮೇಲೆ, ಐವತ್ತು ನಿಮಿಷದ ಆಸುಪಾಸು ಬಂದರೆ ಸರಿ. ಇಪ್ಪತ್ತೈದು ನಿಮಿಷಕ್ಕಿಂತ ಕಡಿಮೆ ಬಂದರೆ ಅದು ಮರುಪ್ರಸಾರಕ್ಕೆಂದು ಕತ್ತರಿಸಿದ ಪ್ರತಿ. 1967ರಿಂದ 1978ರವರೆಗೆ ಹನ್ನೊಂದು ಸೀಸನ್ ನಡೆದ ‘ದಿ ಕ್ಯಾರಲ್ ಬರ್ನೆಟ್ ಶೋ’ ಕೊಳ್ಳುವಾಗ ಈ ಲೆಕ್ಕ ಬಹಳ ಮುಖ್ಯ. ಹೆಸರಿನ ಕೊನೆಯಲ್ಲಿ ‘ಆ್ಯಂಡ್ ಫ್ರೆಂಡ್ಸ್’ ಎಂದಿದ್ದರೆ ಅದು ಹಾಡು, ನೃತ್ಯಗಳನ್ನು ಬಹುಮಟ್ಟಿಗೆ ಬಿಟ್ಟು ಪ್ರಹಸನಗಳನ್ನಷ್ಟೇ ಉಳಿಸಿಕೊಂಡ ಅರ್ಧ ಗಂಟೆಯ ರೂಪ. ಮೊದಲ ಐದು ಸೀಸನ್‌ಗಳು ಕಾನೂನು ವ್ಯಾಜ್ಯದಿಂದಾಗಿ ದೀರ್ಘಕಾಲ ಹೊರಬಂದಿರಲಿಲ್ಲ. ಅವುಗಳಿಂದ ಆಯ್ದ ಕಂತುಗಳನ್ನು ಟೈಮ್ ಲೈಫ್ ಸಂಸ್ಥೆ 2015ರಲ್ಲಿ ಬಿಡುಗಡೆ ಮಾಡಿತು.

ಕತ್ತರಿ ಬೀಳಲು ಇನ್ನೊಂದು ಕಾರಣ ಹಾಡಿನ ಹಕ್ಕು. ಟಿ.ವಿ. ಪ್ರಸಾರಕ್ಕೆಂದು ಪಡೆದ ಅನುಮತಿ ಡಿವಿಡಿಗೆ ಅನ್ವಯಿಸದೇ ಹೋಗಬಹುದು. ಆಗ ಪ್ರತಿ ಹಾಡಿಗೂ ಹೊಸದಾಗಿ ಹಣ ತೆರಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಚಿತ್ರೀಕರಣವಾದ, ಬೊಂಬೆಗಳ ವಿನೋದಾವಳಿ ‘ದಿ ಮಪೆಟ್ ಶೋ’ದ ಮೊದಲ ಸೀಸನ್ನಿನ ಡಿವಿಡಿಯಲ್ಲಿ ಹಲವು ಹಾಡುಗಳು ಇಲ್ಲದಿರುವುದು ಇದರಿಂದಲೇ.

ಚಿತ್ರದ ಗುಣಮಟ್ಟವನ್ನು ಮಾತ್ರ ಇಂದಿನ ಕಣ್ಣಿನಿಂದ ಅಳೆಯಬೇಡಿ. ವಿಡಿಯೊ ಟೇಪ್ ಬಳಕೆಗೆ ಬಂದದ್ದು 1956ರಲ್ಲಿ. ಅದಕ್ಕೂ ಮುಂಚಿನ ನೇರ ಪ್ರಸಾರಗಳು ಉಳಿದಿರುವುದು ಟಿ.ವಿ. ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿಗಳಲ್ಲಿ. ಅವು ಮಸುಕಾಗಿರುವುದು ಸಹಜ.

ಡಿವಿಡಿಗಳನ್ನು ಮಾರಾಟದ ಪ್ರದೇಶಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸಿದ್ದಾರೆ; ಅಮೆರಿಕದ ಡಿವಿಡಿಗಳು ವಲಯ 1ಕ್ಕೆ ಸೇರಿದವು, ಭಾರತದ್ದು ವಲಯ 5. ಹಾಗಾಗಿ ಎಲ್ಲ ವಲಯಗಳ ಡಿಸ್ಕ್ ಓಡಿಸುವ, ಅಮೆರಿಕದ ಟಿ.ವಿ. ಚಿತ್ರಪದ್ಧತಿಯಾದ ಎನ್‌ಟಿಎಸ್‌ಸಿಯನ್ನೂ ಬೆಂಬಲಿಸುವ ಪ್ಲೇಯರ್ ಮೊದಲೇ ಕೊಂಡಿರಬೇಕು.

ಡಿವಿಡಿಗೆ ಬಾರದ ಕಂತುಗಳಿಗಾಗಿ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಹುಡುಕಬೇಕಾಗುತ್ತದೆ. ಯಾರೋ ಮನೆಯಲ್ಲೇ ಮುದ್ರಿಸಿಕೊಂಡ ಟೇಪ್‌ಗಳಲ್ಲಿ ಬೇರೆಲ್ಲೂ ಸಿಗದ ಕಂತುಗಳಿರುವ ಸಾಧ್ಯತೆಯೂ ಇದೆ. ಕ್ಯಾಸೆಟ್ ಕೈಗೆ ಬಂದೊಡನೆ ಅದರ ಪಾರದರ್ಶಕ ಕಿಂಡಿಯನ್ನು ಬೆಳಕಿಗೆ ಹಿಡಿಯಿರಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿಯ ಪುಡಿಯೋ ಜೇಡರ ಬಲೆಯಂಥ ಎಳೆಯೋ ಕಂಡರೆ ಅದು ಬೂಷ್ಟು. ಹಾಗೆಯೇ ವಿಸಿಆರ್‌ಗೆ ಹಾಕಿದರೆ ಯಂತ್ರದ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅಂಥದ್ದನ್ನು ಬೇರೆಯಾಗಿಟ್ಟು, ಬಲ್ಲವರಿಂದ ಶುಚಿ ಮಾಡಿಸಿ. ಚೆನ್ನಾಗಿರುವ ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುತ್ತಿ, ಹಿಂದಕ್ಕೆ ತಂದು, ಅನಂತರ ನೋಡಿ. ವಿಸಿಆರ್ ತಯಾರಿಕೆ 2016ರಲ್ಲೇ ನಿಂತಿರುವುದರಿಂದ, ಎನ್‌ಟಿಎಸ್‌ಸಿ ಟೇಪ್ ಓಡಿಸಬಲ್ಲ ಹಳೆಯ ಯಂತ್ರ ಸಿಕ್ಕಿದರೆ, ಅದು ನಡೆಯುತ್ತಿರುವಾಗಲೇ ಅಪರೂಪದ ಟೇಪ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಎರಡು ಕಡೆ ಉಳಿಸಿಡಿ. ಆಗಲೂ ನಡುವಿನ ಜಾಹೀರಾತುಗಳನ್ನು ಕತ್ತರಿಸಬೇಡಿ, ಏಕೆಂದರೆ ಟೇಪಿನ ಮೇಲೆ ದಿನಾಂಕ ಬರೆದಿರದಿದ್ದಾಗ ಕಂತು ಯಾವಾಗ ಮುದ್ರಣವಾಯಿತೆಂಬುದನ್ನು ಪತ್ತೆ ಹಚ್ಚಲು ಅವೇ ಆಧಾರ.

ಕ್ಯಾಸೆಟ್‌ಗಳನ್ನು ಮಲಗಿಸದೆ, ಪುಸ್ತಕಗಳಂತೆ ನಿಲ್ಲಿಸಿಡಿ. ಮಳೆಗಾಲದಲ್ಲಿ ತೇವ ತಾಕುವ ಹೊರಗೋಡೆಯ ಕಪಾಟು ಬೇಡ. ಪ್ರತಿ ಕಂತಿಗೂ ಪ್ರಸಾರದ ದಿನಾಂಕ, ಅತಿಥಿ ಕಲಾವಿದರ ಹೆಸರು, ನಿಮ್ಮ ಪ್ರತಿಯ ಅವಧಿ ಇಷ್ಟನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಅದೇ ಕಂತಿನ ಇನ್ನೊಂದು ಆವೃತ್ತಿ ಮಾರಾಟಕ್ಕೆ ಬಂದಾಗ ಅದು ನಿಮ್ಮಲ್ಲಿರುವುದಕ್ಕಿಂತ ಪೂರ್ಣವೇ ಎಂದು ಕೂಡಲೇ ಹೋಲಿಸಿ ನೋಡಬಹುದು.