ಎದುರಿನವರ ಮುಖ ಬಾಡಿದಾಗ: ದಾಕ್ಷಿಣ್ಯ ಬಿಟ್ಟ ನನ್ನ ಅನುಭವ

'ಇಲ್ಲ ಅನ್ನೋದನ್ನು ಕಲಿ' ಎಂದು ನನಗೆ ಹೇಳಿದವರು ಬಹಳ ಜನ. ಆ ಮಾತಿನಿಂದ ನನಗೆ ಏನೂ ಉಪಯೋಗವಾಗಲಿಲ್ಲ. ಇಲ್ಲ ಅನ್ನುವುದು ಅಂಥ ಕಷ್ಟವೇನಲ್ಲ, ಬಾಯಿ ತೆರೆದರೆ ಬರುತ್ತದೆ. ಹೇಳಿದ ಮೇಲೆ ಎದುರಿನವರ ಮುಖ ಬಾಡುತ್ತದಲ್ಲ, ಆ ಮುಖದ ಮುಂದೆ ಒಂದು ನಿಮಿಷ ನಿಲ್ಲುವುದು ಕಷ್ಟ. ನಾನು ಕಲಿತದ್ದು ಅದನ್ನು. ಉಳಿದದ್ದೆಲ್ಲ ಅದರ ಹಿಂದೆಯೇ ಬಂತು. ದಾಕ್ಷಿಣ್ಯಕ್ಕೆ ಬಿದ್ದು ಸೊರಗುತ್ತಿರುವವರು ನಮ್ಮ ಕಡೆ, ಅದರಲ್ಲೂ ಹೆಂಗಸರಲ್ಲಿ, ತುಂಬಾ ಜನ ಇದ್ದಾರೆ. ಅವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮನೆ ತುಮಕೂರಿನ ಬಟವಾಡಿ ಕಡೆ. ಕೆಲಸ ಯಶವಂತಪುರದ ಹತ್ತಿರ ಒಂದು ಆಫೀಸಿನಲ್ಲಿ, ಲೆಕ್ಕಪತ್ರ ನೋಡಿಕೊಳ್ಳುವುದು. ಬೆಳಗ್ಗೆ ರೈಲು, ಸಂಜೆ ರೈಲು. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್ ಅಷ್ಟೇ, ಹಾಗಾಗಿ ದಿನಾ ಓಡಾಡುವವರು ನಮ್ಮೂರಲ್ಲಿ ಸಾವಿರಾರು ಜನ. ಆದರೆ ನಮ್ಮ ಬೀದಿಯವರಿಗೆ ನೆನಪಾಗುತ್ತಿದ್ದದ್ದು ನಾನು. ಚಿಕ್ಕಪೇಟೆಯಿಂದ ಸೀರೆಗೆ ಮ್ಯಾಚ್ ಆಗುವ ಬ್ಲೌಸ್ ಪೀಸ್, ಇಲ್ಲಿ ಸಿಗದ ಯಾವುದೋ ಮಾತ್ರೆ, ಹಾಸ್ಟೆಲ್ಲಿನಲ್ಲಿರುವ ಮಗನಿಗೆ ಚಕ್ಕುಲಿ ಡಬ್ಬಿ ತಲುಪಿಸುವುದು, ರಿಪೇರಿಗೆ ಕೊಟ್ಟ ಮಿಕ್ಸಿ ತರುವುದು. 'ಹೆಂಗಿದ್ರೂ ಹೋಗ್ತೀಯಲ್ಲಮ್ಮ' ಅನ್ನುವ ಒಂದು ಮಾತು ಸಾಕಿತ್ತು. ಆಫೀಸಿನಲ್ಲಿ ಇನ್ನೊಬ್ಬರ ಫೈಲು, ನೆಂಟರಲ್ಲಿ ಕೈಸಾಲ, ಹಬ್ಬ ಬಂದರೆ ಎಲ್ಲರ ಅಡುಗೆ. ಎಲ್ಲದಕ್ಕೂ ಹೂಂ.

ಹೊರಗೆ ನಾನು ಬಹಳ ಒಳ್ಳೆಯವಳು. ಮನೆಗೆ ಬಂದರೆ ಮಗಳ ಮೇಲೆ ಸಿಡಿಸಿಡಿ ಅನ್ನುತ್ತಿದ್ದೆ. ಅವಳು ಹೋಂವರ್ಕ್ ಪುಸ್ತಕ ಹಿಡಿದು ನನ್ನ ಹತ್ತಿರ ಬರುವ ಮೊದಲು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು, ಅಮ್ಮ ಇವತ್ತು ಹೇಗಿದ್ದಾಳೆ ಅಂತ ಅಳೆಯುತ್ತಿದ್ದಳು. ನಾನು ಊರಿನವರ ಮುಖ ಓದುವ ಹಾಗೆಯೇ ಅವಳು ನನ್ನ ಮುಖ ಓದಲು ಕಲಿಯುತ್ತಿದ್ದಾಳೆ ಅನ್ನಿಸಿತು. ಅಲ್ಲಿಂದ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡೆ, ಒಬ್ಬ ಆಪ್ತ ಸಮಾಲೋಚಕರ ಹತ್ತಿರ ಹೋದೆ.

ಅವರು ಮೊದಲು ಕೇಳಿದ್ದು, ಯಾರಾದರೂ ಏನಾದರೂ ಕೇಳಿದ ತಕ್ಷಣ ನಿಮ್ಮ ಮೈಯಲ್ಲಿ ಏನಾಗುತ್ತದೆ ಎಂದು. ನಾನು ಯೋಚಿಸಿಯೇ ಇರಲಿಲ್ಲ. ಗಮನಿಸಲು ಶುರುಮಾಡಿದ ಮೇಲೆ ಗೊತ್ತಾಯಿತು. ಒಂದು ದಿನ ರೈಲು ಕ್ಯಾತ್ಸಂದ್ರ ದಾಟುತ್ತಿತ್ತು. ಪಕ್ಕದ ಬೀದಿಯವರೊಬ್ಬರ ಫೋನು. ಅವರು ಇನ್ನೂ ವಿಷಯವನ್ನೇ ಹೇಳಿಲ್ಲ, 'ಒಂದ್ ಸಣ್ಣ ಕೆಲಸ ಇತ್ತು' ಅಂದಿದ್ದಾರೆ ಅಷ್ಟೇ. ಆಗಲೇ ನನ್ನ ಹೊಟ್ಟೆ ಬಿಗಿಯಾಗಿತ್ತು, ಭುಜ ಕಿವಿಯ ಹತ್ತಿರಕ್ಕೆ ಏರಿತ್ತು, ಬಾಯಿ ಮಾತ್ರ ನಗುತ್ತಾ 'ಹೇಳಿ ಹೇಳಿ, ಪರವಾಗಿಲ್ಲ' ಅನ್ನುತ್ತಿತ್ತು. ಫೋನಿನಲ್ಲಿ ನನ್ನ ನಗು ಯಾರಿಗೆ ಕಾಣುತ್ತದೆ? ಆದರೂ ನಗುತ್ತಿದ್ದೆ. ಯೋಚನೆ ಹುಟ್ಟುವ ಮೊದಲೇ ಮೈ ಒಪ್ಪಿಕೊಂಡುಬಿಡುತ್ತಿತ್ತು.

ಇದಕ್ಕೆ ವಿವರಣೆ ಇದೆ. ಅಪಾಯ ಬಂದಾಗ ಪ್ರಾಣಿಯ ಮೈ ಹೊಡೆದಾಡಲು ಇಲ್ಲವೇ ಓಡಲು ಸಿದ್ಧವಾಗುತ್ತದೆ ಎಂದು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ ಸುಮಾರು 100 ವರ್ಷದ ಹಿಂದೆಯೇ ಹೇಳಿದ್ದರು. ಆಮೇಲೆ ಬೇರೆಯವರು ಅದಕ್ಕೆ ಸ್ತಬ್ಧವಾಗುವುದನ್ನು ಸೇರಿಸಿದರು. ಪೀಟ್ ವಾಕರ್ ಎಂಬ ಚಿಕಿತ್ಸಕರು ನಾಲ್ಕನೆಯದನ್ನೂ ಸೇರಿಸಿದರು, ಎದುರಿನವರನ್ನು ಓಲೈಸಿ ಪಾರಾಗುವುದು. ಚಿಕ್ಕಂದಿನಲ್ಲಿ ದೊಡ್ಡವರ ಸಿಟ್ಟಿಗೆ ಹೆದರಿ ಬೆಳೆದವರಲ್ಲಿ ಇದು ಬೇರೂರುತ್ತದೆ ಎಂದು ಅವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಸಾಕು, ಇವತ್ತು ಯಾವ ಮೂಡಿನಲ್ಲಿ ಬಂದಿದ್ದಾರೆ ಅಂತ ನನಗೆ ತಿಳಿಯುತ್ತಿತ್ತು. ಅಪ್ಪನನ್ನು ದೂರಲು ಇದನ್ನು ಹೇಳುತ್ತಿಲ್ಲ. ಆ ವಯಸ್ಸಿನಲ್ಲಿ ಅದು ನನ್ನನ್ನು ಕಾಪಾಡಿತ್ತು. ಹಾಗಂತ ಒಪ್ಪಿಕೊಂಡ ಮೇಲೆ ನನ್ನ ಮೇಲಿನ ನನ್ನ ಸಿಟ್ಟು ಇಳಿಯಿತು. 'ನಾನ್ಯಾಕೆ ಹೀಗೆ, ನನಗ್ಯಾಕೆ ಧೈರ್ಯ ಇಲ್ಲ' ಎಂದು ಬೈದುಕೊಳ್ಳುತ್ತಿದ್ದಷ್ಟು ಕಾಲ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

ಒಪ್ಪಿಕೊಳ್ಳುವುದು ಅಂದರೆ ಕೈಚೆಲ್ಲಿ ಕೂರುವುದಲ್ಲ. ಹೊಟ್ಟೆ ಬಿಗಿಯಾಗುತ್ತದೆಯಾ, ಆಗಲಿ. ಆ ಭಯ ಹೋದ ಮೇಲೆ ಮಾತಾಡುತ್ತೇನೆ ಅಂತ ಕಾದರೆ ಅದು ಹೋಗುವುದೇ ಇಲ್ಲ. ಭಯ ಇದ್ದ ಹಾಗೆಯೇ, ಉಸಿರು ನಿಧಾನವಾಗಿ ಬಿಟ್ಟು, ಒಂದೇ ಒಂದು ವಾಕ್ಯ ಹೇಳುವುದನ್ನು ರೂಢಿ ಮಾಡಿಕೊಂಡೆ: 'ನೋಡಿ ಹೇಳ್ತೀನಿ, ಸಂಜೆ ನಾನೇ ಫೋನ್ ಮಾಡ್ತೀನಿ.' ಮೊದಮೊದಲು ಇದಿಷ್ಟೇ. ಮೈ ಒಪ್ಪಿಕೊಳ್ಳುವ ಮೊದಲು ತಲೆಗೆ ಒಂದಷ್ಟು ಸಮಯ ಸಿಗುತ್ತದೆ. ಆದರೆ ಸಂಜೆ ಫೋನ್ ಮಾಡಲೇಬೇಕು. ಮಾಡದೆ ತಪ್ಪಿಸಿಕೊಂಡರೆ ಅದೂ ಓಲೈಕೆಯ ಇನ್ನೊಂದು ದಾರಿಯೇ, ಜೊತೆಗೆ ಅವರನ್ನು ಸುಮ್ನೆ ಕಾಯಿಸಿದ ಹಾಗೆ. ನಾನು ಡಾಬಸ್‌ಪೇಟೆ ದಾಟುವ ಹೊತ್ತಿಗೆ ಫೋನ್ ಮಾಡಿ ಮುಗಿಸುತ್ತಿದ್ದೆ, ಮನೆ ಮುಟ್ಟಿದ ಮೇಲೆ ಆ ಯೋಚನೆ ಇರಬಾರದು ಅಂತ.

ಸುಳ್ಳು ಕಾರಣಗಳನ್ನೂ ಬಿಟ್ಟೆ. 'ಹುಷಾರಿಲ್ಲ', 'ಆಫೀಸಲ್ಲಿ ಆಡಿಟ್ ಇದೆ' ಇವೆಲ್ಲ ಹೇಳುವಾಗ ಸಲೀಸು, ಆಮೇಲೆ ನೆನಪಿಟ್ಟುಕೊಳ್ಳಬೇಕು. 'ಹೌದಾ, ಹಾಗಾದ್ರೆ ಆಡಿಟ್ ಮುಗಿದ ಮೇಲೆ ತಂದುಕೊಡು' ಅಂದರೆ ಏನು ಮಾಡುತ್ತೀರಿ? ಅವರು ಹೇಳುವುದು ನ್ಯಾಯವೇ ಅಲ್ವಾ. ಈಗ ನಿಜವಾದ ಒಂದು ಕಾರಣ, ಒಂದೇ ಸಲ: 'ಸಂಜೆ ರೈಲು ಇಳಿದ ಮೇಲೆ ನಾನು ಸೀದಾ ಮನೆಗೆ ಹೋಗಬೇಕು, ಆಗಲ್ಲ.' ಮತ್ತೆ ಕೇಳಿದರೆ ಅದೇ ವಾಕ್ಯ, ಅದೇ ದನಿಯಲ್ಲಿ. ಹೊಸ ಕಾರಣ ಸೇರಿಸಿದಷ್ಟೂ ಅವರು ಒಂದೊಂದಕ್ಕೂ ಪರಿಹಾರ ಕೊಡುತ್ತಾ ಹೋಗುತ್ತಾರೆ.

ಇನ್ನು ಅನುಭೂತಿಯ ವಿಷಯ, ಅಂದರೆ ಇನ್ನೊಬ್ಬರ ಜಾಗದಲ್ಲಿ ನಿಂತು ಅವರ ಮನಸ್ಸನ್ನು ಅರ್ಥಮಾಡಿಕೊಳ್ಳುವುದು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಯಾಕಂದರೆ ನಮ್ಮಂಥವರು ನಮಗೆ ಅದು ಜಾಸ್ತಿ ಇದೆ ಅಂದುಕೊಂಡಿರುತ್ತೇವೆ. ಇನ್ನೊಬ್ಬರ ಮುಖ ಓದುವುದರಲ್ಲಿ ನಾವು ನಿಪುಣರು, ನಿಜ. ಆದರೆ ಓದುವುದು ಏನನ್ನು? 'ಇವರಿಗೆ ನನ್ನ ಮೇಲೆ ಬೇಜಾರಾಯಿತಾ' ಅನ್ನುವುದೊಂದನ್ನೇ. ಅವರಿಗೆ ಏನು ಬೇಕಾಗಿದೆ ಅಂತ ನೋಡಲು ಪುರುಸೊತ್ತೇ ಇರುವುದಿಲ್ಲ. ಕಾರ್ಲ್ ರೋಜರ್ಸ್ ಎಂಬ ಮನಃಶಾಸ್ತ್ರಜ್ಞರು 1957ರಲ್ಲೇ, ಆಪ್ತ ಸಲಹೆ ಕೊಡುವವರು ಎದುರಿನವರನ್ನು ಇದ್ದ ಹಾಗೆ ಒಪ್ಪಿಕೊಳ್ಳಬೇಕು, ಅವರ ಒಳಗನ್ನು ಅವರ ಕಣ್ಣಿನಿಂದ ನೋಡಬೇಕು, ಜೊತೆಗೆ ತಾನೂ ಒಳಗೊಂದು ಹೊರಗೊಂದು ಇರಬಾರದು ಎಂದು ಬರೆದರು. ಮೂರೂ ಒಟ್ಟಿಗೆ ಇರಬೇಕು ಅನ್ನುವುದು ನನಗೆ ದೊಡ್ಡ ಪಾಠವಾಯಿತು. ಒಳಗೆ ಕುದಿಯುತ್ತಾ ಹೊರಗೆ ನಗುವವಳಿಗೆ ಇನ್ನೊಬ್ಬರ ಒಳಗು ಕಾಣುವುದು ಕಷ್ಟ.

ನಮ್ಮ ಬೀದಿಯ ಆಂಟಿಯೊಬ್ಬರು ಬೆಂಗಳೂರಿನಿಂದ ಮಾತ್ರೆ ತರಿಸುತ್ತಿದ್ದರು. ಒಂದು ಸಂಜೆ ಕೊಡಲು ಹೋದಾಗ ಓಡಿಬರುವ ಬದಲು ಕೂತೆ. 'ಮಗ ಅಲ್ಲೇ ಇದ್ದಾನಲ್ಲ, ಅವನು ಕಳಿಸಲ್ವಾ' ಅಂತ ಕೇಳಿದೆ. ಅವರು ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸುತ್ತಾ ಒರೆಸುತ್ತಾ, ಮಗ ಫೋನ್ ಎತ್ತುವುದಿಲ್ಲ, ಎತ್ತಿದರೂ 'ಮೀಟಿಂಗ್' ಅನ್ನುತ್ತಾನೆ ಅಂದರು. ಮಾತ್ರೆಯ ನೆಪದಲ್ಲಿ ವಾರಕ್ಕೊಮ್ಮೆ ಒಬ್ಬರು ಬಾಗಿಲಿಗೆ ಬರುತ್ತಾರೆ ಅನ್ನುವುದು ಅವರಿಗೆ ಮಾತ್ರೆಯಷ್ಟೇ ಮುಖ್ಯವಾಗಿತ್ತು. ಮರುದಿನ ನಮ್ಮೂರಿನ ಎಂ.ಜಿ. ರಸ್ತೆಯ ಮೆಡಿಕಲ್ ಸ್ಟೋರಿನಲ್ಲಿ ವಿಚಾರಿಸಿದೆ, ಮೊದಲೇ ಹೇಳಿದರೆ ತರಿಸಿಕೊಡುತ್ತೇವೆ ಅಂದರು. ಆಂಟಿಗೆ ಹೇಳಿದೆ: ಇನ್ಮೇಲೆ ಮಾತ್ರೆ ಅಲ್ಲಿ ತಗೊಳ್ಳಿ, ನಾನು ತರಲ್ಲ, ಆದರೆ ಭಾನುವಾರ ಸಂಜೆ ಬಂದು ನಿಮ್ಮ ಜೊತೆ ಕಾಫಿ ಕುಡಿಯುತ್ತೇನೆ. ಅವರ ಮುಖ ಒಂದು ಕ್ಷಣ ಬಾಡಿತು. ಆಮೇಲೆ 'ಸಕ್ಕರೆ ಎಷ್ಟು ಹಾಕ್ಲಿ' ಅಂತ ಕೇಳಿದರು. ಈಗಲೂ ಹೋಗುತ್ತೇನೆ, ಮನಸ್ಸಿಟ್ಟು ಹೋಗುತ್ತೇನೆ.

ಎಲ್ಲ ಕಡೆ ಹೀಗೆ ಚೆನ್ನಾಗಿ ಮುಗಿಯಲಿಲ್ಲ. ಚಿಕ್ಕಪ್ಪನ ಮಗ ಸರಕು ಸಾಗಿಸುವ ಗಾಡಿ ತೆಗೆದುಕೊಳ್ಳಲು ಸಾಲಕ್ಕೆ ಹಾಕಿದ್ದ. ಸಂಬಳದ ಕೆಲಸ ಇರುವವರು ಜಾಮೀನು ಹಾಕಬೇಕಿತ್ತು. 'ಸುಮ್ನೆ ಒಂದು ಸೈನ್ ಅಕ್ಕ' ಅಂದ. ಅದು ಸುಮ್ನೆ ಒಂದು ಸೈನ್ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಅವನು ಕಟ್ಟದೆ ಹೋದರೆ ನನ್ನನ್ನೇ ಕೇಳಬಹುದು. ಇದನ್ನು ಓದಿಕೊಂಡೇ ಅವನನ್ನು ಮನೆಗೆ ಕರೆದೆ, ಇಂಥ ವಿಷಯ ಫೋನಿನಲ್ಲಿ ಮುಗಿಸಬಾರದು ಅನ್ನಿಸಿತು.

ತಟ್ಟೆ ಇಡ್ಲಿ ತರಿಸಿದ್ದೆ. ಅವನು ತಿನ್ನಲು ಶುರುಮಾಡುವ ಮೊದಲೇ ಹೇಳಿದೆ, ತಿಂದ ಮೇಲೆ ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ ಅಂತ. 'ನೀನು ಕಟ್ಟಲ್ಲ ಅಂತ ನಾನು ಅಂದುಕೊಂಡಿಲ್ಲ. ಮಕ್ಕಳ ಫೀಸು, ಬಾಡಿಗೆ ಗಾಡಿಯ ದುಡ್ಡು, ನಿನಗೆ ಎಷ್ಟು ಒತ್ತಡ ಇದೆ ಅನ್ನೋದೂ ಗೊತ್ತು. ಆದರೆ ನಾನು ಯಾರಿಗೂ ಜಾಮೀನು ಹಾಕಲ್ಲ.' ಅವನು ತಟ್ಟೆ ಪಕ್ಕಕ್ಕೆ ಸರಿಸಿ, 'ಯಾರಿಗೂ ಅಂದ್ರೆ, ನಾನೂ ಯಾರೋನಾ ಅಕ್ಕ?' ಅಂದ. ಹಳೆಯ ನಾನಾಗಿದ್ದರೆ ಅಲ್ಲೇ ಪೆನ್ನು ಹುಡುಕುತ್ತಿದ್ದೆ. ಹೊಟ್ಟೆ ಹಾಗೇ ಬಿಗಿಯಾಯಿತು, ಕಣ್ಣಲ್ಲಿ ನೀರೂ ಬಂತು. 'ನಿನಗೆ ಬೇಜಾರಾಗಿದೆ, ಆಗುವಂಥದ್ದೇ' ಅಂದೆ, ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ಅಡಮಾನ ಇಲ್ಲದೆ ಸರಕು ಗಾಡಿಗೆ ಸಾಲ ಸಿಗುತ್ತದೆ, 2015ರಿಂದ ಇದೆ, ಭಾನುವಾರ ಬಾ, ಕಾಗದಪತ್ರ ನಾನು ಜೋಡಿಸಿಕೊಡುತ್ತೇನೆ ಎಂದೆ. ಅವನು ಬರಲಿಲ್ಲ. ಬೇರೆ ಯಾರೋ ಜಾಮೀನು ಹಾಕಿದರು. ಗುಬ್ಬಿಯಲ್ಲಿ ನೆಂಟರ ಮದುವೆಯಲ್ಲಿ ಅವನ ಹೆಂಡತಿ ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ಹೋಗಿ 'ಚೆನ್ನಾಗಿದ್ದೀಯಾ' ಅಂತ ಮಾತಾಡಿಸಿದೆ. ಉತ್ತರ ಬರಲಿಲ್ಲ. ಅವಳ ಸಿಟ್ಟು ಅವಳದು, ಅದಕ್ಕೆ ಅವಳಿಗೆ ಕಾರಣವೂ ಇದೆ. ಅದನ್ನು ಇಳಿಸುವ ಕೆಲಸಕ್ಕೆ ನಾನು ಕೈಹಾಕಲಿಲ್ಲ. ಈಗಲೂ ನೋವಾಗುತ್ತದೆ. ಆ ನೋವಿನ ಜೊತೆಗೆ ರಾತ್ರಿ ನಿದ್ದೆ ಬರುತ್ತದೆ, ಜಾಮೀನು ಹಾಕಿದ್ದರೆ ಬರುತ್ತಿರಲಿಲ್ಲ.

ಗೆರೆ ಎಳೆಯುವುದು ಅಂದರೆ ನಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಅನ್ನುವುದು ಮಾತ್ರ. 'ನನ್ನನ್ನು ಕೇಳಬೇಡಿ' ಅಂತ ಊರಿಗೆಲ್ಲ ಕಟ್ಟಪ್ಪಣೆ ಮಾಡಲು ಆಗುವುದಿಲ್ಲ. ಅವರು ಕೇಳಲಿ, ಕೇಳುವುದು ಅವರ ಹಕ್ಕು. ಆಫೀಸಿನಲ್ಲಿ ಇದು ಸುಲಭವಾಯಿತು. ರಾತ್ರಿ ಎಂಟರ ಮೇಲೆ ಫೋನ್ ಎತ್ತುವುದಿಲ್ಲ, ಬೆಳಗ್ಗೆ ರೈಲಿನಲ್ಲಿ ಕೂತ ಮೇಲೆ ನಾನೇ ಮಾಡುತ್ತೇನೆ ಅಂದೆ, ಒಂದಷ್ಟು ದಿನ ಗೊಣಗಿದರು, ಒಗ್ಗಿಕೊಂಡರು. ಬೀದಿಯ ಹೆಂಗಸರ ಚೀಟಿಗೂ ಸೇರುವುದಿಲ್ಲ. ನೋಂದಣಿಯಾಗದ ಚೀಟಿಯಲ್ಲಿ ದುಡ್ಡು ಹೋದರೆ ಸ್ನೇಹವೂ ಹೋಗುತ್ತದೆ.

ಒಂದು ಮಾತು ಮಾತ್ರ ಬಿಡದೆ ಹೇಳಬೇಕು. ಇಲ್ಲ ಅಂದರೆ ಮನೆಯಲ್ಲಿ ಏಟು ಬೀಳುತ್ತದೆ ಅನ್ನುವ ಸ್ಥಿತಿಯಲ್ಲಿರುವವರಿಗೆ ನಾನು ಬರೆದ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಓಲೈಸುವುದು ಪ್ರಾಣ ಉಳಿಸಿಕೊಳ್ಳುವ ದಾರಿ, ಮೊದಲು ಬೇಕಾದದ್ದು ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ 14416 ಇದೆ, 2022ರಲ್ಲಿ ಶುರುವಾಯಿತು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನನಗೆ ಇನ್ನೂ ಕಷ್ಟವಾಗುವುದು ಅಮ್ಮನ ಹತ್ತಿರ. ಬೇರೆ ಯಾರ ಮುಖ ಬಾಡಿದರೂ ತಡೆದುಕೊಳ್ಳುತ್ತೇನೆ, ಅಮ್ಮ 'ನಾನೇ ಮಾಡ್ಕೋತೀನಿ ಬಿಡು' ಅಂದರೆ ಮೈಯೆಲ್ಲ ಹಳೆಯ ಹಾಗೆ ಆಗುತ್ತದೆ. ಅಮ್ಮನೂ ಜೀವನವಿಡೀ ಎಲ್ಲರಿಗೂ ಹೂಂ ಅಂದವರೇ. ಅವರಿಗೆ ಯಾರೂ ಬೇರೆ ದಾರಿ ತೋರಿಸಿರಲಿಲ್ಲ. ಅದು ಗೊತ್ತಿರುವುದರಿಂದ ಅವರ ಮೇಲೆ ಸಿಟ್ಟು ಬರುವುದಿಲ್ಲ. ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಅತ್ತೆ, ಚಿಕ್ಕಮ್ಮನ ಮನೆಯವರೆಲ್ಲ ಬರುತ್ತಾರೆ. ಒಬ್ಬಟ್ಟು ಪೂರ್ತಿ ನನ್ನದು, ಉಳಿದ ಅಡುಗೆ ನಾನು ಮಾಡುವುದಿಲ್ಲ ಎಂದು ಈಗಲೇ ಹೇಳಿದ್ದೇನೆ. ಅಮ್ಮ 'ನೋಡೋಣ' ಅಂದರು. ಉಳಿದದ್ದನ್ನು ಯಾರು ಮಾಡುತ್ತಾರೆ ಅಂತ ನಾನು ಕೇಳಿಲ್ಲ.