ಹಂದರ ಹಾಕುವ ಮೊದಲೇ: ಬಾಲ್ಯವಿವಾಹವನ್ನು ಕಾಗದದ ಬಲದಿಂದ ನಿಲ್ಲಿಸುವುದು ಹೇಗೆ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಗಡಿಯಲ್ಲಿರುವ ಜತ್ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನು ನಿಂತುಹೋದ ಬಾಲ್ಯವಿವಾಹಗಳನ್ನು ಕಂಡದ್ದು ಕಡಿಮೆ, ನಿಂತಂತೆ ತೋರಿ ಎಂಟು ದಿನದೊಳಗೆ ಬೇರೆ ಊರಿನಲ್ಲಿ ನಡೆದುಹೋದವುಗಳನ್ನು ಕಂಡದ್ದು ಹೆಚ್ಚು. ಒಂದು ಸಲ ನನ್ನದೇ ತರಗತಿಯ ಹುಡುಗಿಯ ಮದುವೆಯ ಸುದ್ದಿ ತಿಳಿದು ಊರಿನ ತರುಣರು ನೇರವಾಗಿ ಹಂದರಕ್ಕೆ ನುಗ್ಗಿದರು. ಜೀಪು ಬಂತು, ಫೋಟೊ ತೆಗೆದದ್ದಾಯಿತು, ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡು ಎಲ್ಲರೂ ಮನೆಗೆ ಹೋದರು. ಮುಂದಿನ ಸೋಮವಾರ ಬೆಳಗಿನ ಜಾವ, ಗಡಿಯಾಚೆ ಕರ್ನಾಟಕದ ಚಡಚಣದ ಕಡೆಯ ಬೀಗರ ತೋಟದ ಮನೆಯಲ್ಲಿ, ಅದೇ ಹುಡುಗಿಯ ಕೊರಳಿಗೆ ತಾಳಿ ಬಿತ್ತು. ಹಂದರಕ್ಕೆ ನುಗ್ಗಿದವರಲ್ಲಿ ಆವೇಶಕ್ಕೆ ಕೊರತೆಯಿರಲಿಲ್ಲ. ಆದರೆ ಆಕೆಯ ವಯಸ್ಸನ್ನು ತೋರಿಸುವ ಒಂದು ಉತಾರ, ಅಂದರೆ ಶಾಲೆಯ ದಾಖಲೆಯ ಪ್ರತಿಯಾಗಲಿ, ನ್ಯಾಯಾಲಯದ ಒಂದು ಆದೇಶವಾಗಲಿ ಯಾರ ಕೈಯಲ್ಲಿಯೂ ಇರಲಿಲ್ಲ. ಆ ಎರಡು ಕಾಗದಗಳನ್ನು ಸಕಾಲದಲ್ಲಿ ಪಡೆಯುವುದು ಹೇಗೆ ಎಂಬುದನ್ನೇ ಇಲ್ಲಿ ಬರೆದಿದ್ದೇನೆ.

ಆರಂಭಿಸುವ ಮುನ್ನ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು. ಹೆಣ್ಣಿನ ವಯಸ್ಸನ್ನೂ 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದದ್ದು ನಿಜ. ಅದು ಕಾನೂನಾಗದೆ, 2024ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಇಂದಿಗೂ ಮೊಬೈಲಿನಲ್ಲಿ ‘ಈಗ ಹುಡುಗಿಗೂ 21’ ಎಂಬ ಸಂದೇಶ ಹರಿದಾಡುತ್ತದೆ. ಅದನ್ನು ನಂಬಿ 19 ತುಂಬಿದವಳ ಮದುವೆಗೆ ಅಡ್ಡ ಹೋಗಿ ನಗೆಪಾಟಲಾದವರ ಮಾತನ್ನು, ಮರುವರ್ಷ 15ರ ಹುಡುಗಿಯ ವಿಷಯದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನು ಹುಡುಗಿಗೆ 18 ತುಂಬಿದ್ದರೂ ಹುಡುಗನಿಗೆ 21 ತುಂಬಿರದಿದ್ದರೆ ಅದೂ ಬಾಲ್ಯವಿವಾಹವೇ ಎಂಬುದನ್ನು ನಮ್ಮ ಕಡೆ ಬಹುತೇಕ ಎಲ್ಲರೂ ಮರೆಯುತ್ತಾರೆ.

ಮೊದಲ ಹಂತ: ಸುಳಿವು ಹಿಡಿಯುವುದು

ಲಗ್ನಪತ್ರಿಕೆ ಅಚ್ಚಾಗುವವರೆಗೆ ಕಾಯುವವನಿಗೆ ಸುಳಿವು ಸಿಗುವುದೇ ಇಲ್ಲ, ಏಕೆಂದರೆ ಇಂಥ ಮದುವೆಗಳಿಗೆ ಪತ್ರಿಕೆ ಹಾಕಿಸುವುದಿಲ್ಲ. ಫೋನಿನಲ್ಲಿಯೇ ಆಹ್ವಾನ ನಡೆಯುತ್ತದೆ. ಕಾರಣಗಳನ್ನು ಬಲ್ಲವನು ಮಾತ್ರ ಮೊದಲೇ ಊಹಿಸಬಲ್ಲ. ನಮ್ಮ ಬರಪೀಡಿತ ಹಳ್ಳಿಗಳಿಂದ ದಸರೆ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಟೋಳಿಗಳು, ಅಂದರೆ ಆಳುಗಳ ಗುಂಪುಗಳು, ಹೊರಡುತ್ತವೆ. ಆಳುಗಳನ್ನು ಗೊತ್ತುಮಾಡುವ ಮುಕಾದಮನು ಉಚಲ, ಅಂದರೆ ಮುಂಗಡ, ಕೊಡುವುದು ಒಂಟಿ ಆಳಿಗಲ್ಲ. ಗಂಡ ಹೆಂಡತಿ ಜೋಡಿಗೆ, ಅಂದರೆ ಒಂದು ‘ಕೋಯ್ತಾ’ಕ್ಕೆ. ಆದ್ದರಿಂದ ಹತ್ತೊಂಬತ್ತರ ಹುಡುಗನಿಗೆ ಹಂಗಾಮಿನ ಮೊದಲು ಹೆಂಡತಿ ಬಂದರೆ ಆ ಮನೆಗೆ ಇನ್ನೊಂದು ಕೋಯ್ತಾದ ಹಣ ಬರುತ್ತದೆ. ಹುಡುಗಿಯ ಮನೆಯವರ ಲೆಕ್ಕ ಬೇರೆ: ಅವಳನ್ನು ಊರಿನಲ್ಲಿ ಮುದುಕಿಯ ಬಳಿ ಬಿಟ್ಟು ಆರು ತಿಂಗಳು ಹೋಗಲು ಭಯ, ಕಬ್ಬಿನ ಗದ್ದೆಯ ಗುಡಿಸಲಿಗೆ ಕರೆದೊಯ್ಯಲು ಇನ್ನೂ ಭಯ. ಇದರ ಜೊತೆಗೆ ಏಳನೆಯ ತರಗತಿಯ ನಂತರ ಕನ್ನಡ ಮಾಧ್ಯಮದ ಪ್ರೌಢಶಾಲೆ ಹತ್ತಿರವಿಲ್ಲದಿದ್ದರೆ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ, ಮನೆಯಲ್ಲಿ ಉಳಿದವಳು ಬೇಗ ‘ದೊಡ್ಡವಳಾಗಿ’ ಕಾಣತೊಡಗುತ್ತಾಳೆ.

ಅಕ್ಕನ ಮದುವೆ ನಿಶ್ಚಯವಾದ ಮನೆಯ ಮೇಲೆ ವಿಶೇಷವಾಗಿ ಕಣ್ಣಿಡಬೇಕು. ಒಂದೇ ಹಂದರದಲ್ಲಿ ತಂಗಿಯದನ್ನೂ ಮುಗಿಸಿದರೆ ಒಂದು ಊಟದ ಖರ್ಚು ಉಳಿಯುತ್ತದೆ ಎಂಬ ಲೆಕ್ಕಾಚಾರ ಬಡವರಿಗೆ ಸಣ್ಣದಲ್ಲ. ಸೋದರಮಾವನ ಹಕ್ಕು, ಹೆಣ್ಣು ಕೊಟ್ಟು ಹೆಣ್ಣು ತರುವ ಮಾತು, ಅಜ್ಜಿ ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಅಕ್ಷತೆ ನೋಡಬೇಕೆಂಬ ಹಟ, ಹುಡುಗಿಯ ಕೈಗೆ ಮೊಬೈಲ್ ಬಂತೆಂಬ ಅಂಜಿಕೆ, ಇವು ಉಳಿದ ಬಾಗಿಲುಗಳು. ಹುಡುಗಿ ಕಾರಣವಿಲ್ಲದೆ ನಾಲ್ಕು ದಿನ ಶಾಲೆ ತಪ್ಪಿಸಿದರೆ ಶಿಕ್ಷಕರು ಐದನೆಯ ದಿನ ಮನೆಗೆ ಹೋಗಬೇಕು; ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ಸುಮ್ಮನಾಗುವುದು ಸಾಲದು.

ಎರಡನೆಯ ಹಂತ: ವಯಸ್ಸಿನ ಕಾಗದ

ಹೆಚ್ಚಿನವರು ಎಡವುವುದು ಇಲ್ಲಿಯೇ. ಮನೆಯವರು ಆಧಾರ್ ಕಾರ್ಡ್ ಮುಂದಿಡುತ್ತಾರೆ, ಅದರಲ್ಲಿ 19 ಎಂದಿರುತ್ತದೆ, ಬಂದವರು ಕೈಕಟ್ಟಿ ನಿಲ್ಲುತ್ತಾರೆ. ಆಧಾರ್ ಗುರುತಿನ ಚೀಟಿಯೇ ಹೊರತು ವಯಸ್ಸಿನ ಪುರಾವೆಯಲ್ಲ. ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ಆಧಾರಿನ ದಿನಾಂಕವನ್ನು ಬದಿಗಿಟ್ಟು ಶಾಲೆ ಬಿಟ್ಟ ದಾಖಲೆಯನ್ನು ಎತ್ತಿಹಿಡಿದಿದೆ. ಬಾಲನ್ಯಾಯ ಕಾಯ್ದೆ, 2015ರ 94ನೆಯ ಕಲಮು ಹೇಳುವ ಕ್ರಮ ಹೀಗಿದೆ: ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರ, ಅದು ಇಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆ ಕೊಟ್ಟ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಎಲುಬಿನ ವೈದ್ಯಕೀಯ ಪರೀಕ್ಷೆ. ಈ ಕ್ರಮವನ್ನು ತಿರುಗಿಸಿ ಮೊದಲೇ ವೈದ್ಯರ ಬಳಿಗೆ ಓಡುವವರಿದ್ದಾರೆ. ಎಲುಬಿನ ಪರೀಕ್ಷೆ ಒಂದು ಅಂದಾಜನ್ನು ಕೊಡುತ್ತದೆಯೇ ಹೊರತು ತಾರೀಖನ್ನಲ್ಲ, ಆ ಅಂದಾಜಿನ ಎಡೆಯಲ್ಲಿಯೇ ವಕೀಲರು ಮದುವೆಯನ್ನು ದಾಟಿಸಿಬಿಡುತ್ತಾರೆ.

ಆದ್ದರಿಂದ ಹುಡುಗಿ ಮೊದಲು ದಾಖಲಾದ ಪ್ರಾಥಮಿಕ ಶಾಲೆಯ ಜನರಲ್ ರಜಿಸ್ಟರಿನ (ದಾಖಲಾತಿ ಪುಸ್ತಕದ) ಉತಾರವೇ ನಿಮ್ಮ ಆಯುಧ. ಇದನ್ನು ಹೊರಗಿನವರು ಕೇಳಿದರೆ ಮುಖ್ಯಾಧ್ಯಾಪಕರು ಕೊಡಬೇಕಾಗಿಲ್ಲ, ಕೊಡಲೂಬಾರದು. ಬಾಲ್ಯವಿವಾಹ ನಿಷೇಧ ಅಧಿಕಾರಿಯಿಂದಲೋ ಪೊಲೀಸರಿಂದಲೋ ಲಿಖಿತ ಬೇಡಿಕೆ ಬರುವಂತೆ ಮಾಡಿ, ಅದೇ ದಿನ ಸಹಿ ಮತ್ತು ಮೊಹರು ಹಾಕಿದ ಪ್ರತಿಯನ್ನು ಅವರ ಕೈಗೇ ಕೊಡಿಸಬೇಕು. ಫೋನಿನಲ್ಲಿ ತೆಗೆದ ರಜಿಸ್ಟರಿನ ಚಿತ್ರ ಒಂದು ಸುಳಿವಾದೀತು, ಆದರೆ ಮೊಹರಿನ ಪ್ರತಿಯ ಜಾಗವನ್ನು ಅದು ತುಂಬಲಾರದು.

ಇಲ್ಲಿ ಎರಡು ಮುಳ್ಳುಗಳಿವೆ. ಒಂದು, ಹೆಸರು. ಶಾಲೆಯಲ್ಲಿ ‘ದಾನಮ್ಮ’ ಎಂದಿದ್ದವಳು ಆಧಾರಿನಲ್ಲಿ ‘ದಾನೇಶ್ವರಿ’ ಆಗಿರುತ್ತಾಳೆ, ಮನೆಯಲ್ಲಿ ಕರೆಯುವ ಹೆಸರು ಮೂರನೆಯದು. ತಂದೆ ತಾಯಿಯ ಹೆಸರು ಮತ್ತು ಅಡ್ಡಹೆಸರು ಹೊಂದುವುದನ್ನು ಅರ್ಜಿಯಲ್ಲಿಯೇ ಬರೆದು ಮೂರೂ ಹೆಸರು ಒಬ್ಬಳದೇ ಎಂದು ಸ್ಪಷ್ಟಪಡಿಸದಿದ್ದರೆ ‘ಆ ಹುಡುಗಿ ಬೇರೆ’ ಎಂದು ವಾದಿಸುತ್ತಾರೆ. ಇನ್ನೊಂದು, ಜೂನ್ 1. ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ನಮ್ಮ ಹಿಂದಿನ ಗುರುಗಳು ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಾನೂ ಬರೆದಿದ್ದೇನೆ, ಆ ಪಾಪದಲ್ಲಿ ನನಗೂ ಪಾಲಿದೆ. ‘ಮಾಸ್ತರರು ಸುಮ್ಮನೆ ಬರೆದದ್ದು’ ಎಂದು ಮನೆಯವರು ಹೇಳಲು ಅದು ದಾರಿಯಾಗುತ್ತದೆ. ಅಂಥಲ್ಲಿ ಜನನ ಪ್ರಮಾಣಪತ್ರವನ್ನೂ, ಅಂಗನವಾಡಿಯಲ್ಲಿ ಲಸಿಕೆ ಹಾಕಿಸಿದ ದಾಖಲೆಯನ್ನೂ ಜೊತೆಗೆ ಹುಡುಕಿಸಿ. ದುಡ್ಡು ತೆಗೆದುಕೊಂಡು ಆಧಾರಿನ ತಾರೀಖು ‘ದುರಸ್ತಿ’ ಮಾಡಿಸಿಕೊಡುವ ಅಂಗಡಿಗಳು ಪೇಟೆಯಲ್ಲಿವೆ. ಮದುವೆಗೆ ಒಂದೆರಡು ತಿಂಗಳ ಮೊದಲು ಬದಲಾದ ತಾರೀಖು ಕಂಡರೆ ಅದನ್ನೇ ಅರ್ಜಿಯಲ್ಲಿ ಎತ್ತಿ ತೋರಿಸಬೇಕು.

ಮೂರನೆಯ ಹಂತ: ತಿಳಿಸುವುದು

ಇದು ಸುಲಭ. 1098 ಮಕ್ಕಳ ಸಹಾಯವಾಣಿ, ತುರ್ತಿದ್ದರೆ 112. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಗ್ರಾಮಸೇವಕರೇ ಬಾಲ್ಯವಿವಾಹ ನಿಷೇಧ ಅಧಿಕಾರಿ, ಅಂಗನವಾಡಿ ಸೇವಿಕೆ ಅವರಿಗೆ ಸಹಾಯಕಿ. ಗಡಿಯಲ್ಲಿ ಮೊಬೈಲು ಯಾವ ರಾಜ್ಯದ ಟವರಿಗೆ ಅಂಟಿದೆಯೆಂದು ಹೇಳಲಾಗುವುದಿಲ್ಲವಾದ್ದರಿಂದ ಮೊದಲ ವಾಕ್ಯದಲ್ಲಿಯೇ ರಾಜ್ಯ, ಜಿಲ್ಲೆ, ತಾಲ್ಲೂಕು, ಊರು ಹೇಳಿ. ಲಿಖಿತ ಅರ್ಜಿಯನ್ನು ಮರಾಠಿಯಲ್ಲಿ ಬರೆಸಿ. ಕನ್ನಡದ ಅಭಿಮಾನ ತೋರಿಸುವುದಕ್ಕೆ ಬೇರೆ ಸಂದರ್ಭಗಳಿವೆ.

ನಾಲ್ಕನೆಯ ಹಂತ: ಮುಚ್ಚಳಿಕೆ ಬೇಡ, ತಡೆಯಾಜ್ಞೆ ಬೇಕು

ಮುದ್ರಾಂಕ ಕಾಗದದ ಮೇಲೆ ‘18 ತುಂಬುವವರೆಗೆ ಮದುವೆ ಮಾಡುವುದಿಲ್ಲ’ ಎಂದು ತಂದೆಯಿಂದ ಬರೆಸಿಕೊಳ್ಳುವುದು ನಮ್ಮಲ್ಲಿ ಎಲ್ಲರಿಗೂ ಪ್ರಿಯವಾದ ಅಡ್ಡದಾರಿ. ಅಧಿಕಾರಿಗೆ ಕೆಲಸ ಮುಗಿಯಿತೆಂಬ ಸಮಾಧಾನ, ಊರಿಗೆ ಜಗಳ ತಪ್ಪಿತೆಂಬ ಸಮಾಧಾನ. ಆ ಕಾಗದವನ್ನು ಮೀರಿ ಮದುವೆ ಮಾಡಿದರೂ ಆ ಮೀರಿದ್ದಕ್ಕೇ ಮದುವೆ ಅಸಿಂಧುವಾಗುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೆಯ ಕಲಮಿನ ತಡೆಯಾಜ್ಞೆ ಹಾಗಲ್ಲ. ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಮುಂದೆ ನಿಷೇಧ ಅಧಿಕಾರಿ ಮಾತ್ರವಲ್ಲ, ವಿಷಯವನ್ನು ಸ್ವತಃ ಬಲ್ಲ ಯಾವ ವ್ಯಕ್ತಿಯೂ ದೂರು ಕೊಡಬಹುದು. ಸಾಮಾನ್ಯವಾಗಿ ಎದುರಿನವರಿಗೆ ನೋಟಿಸು ಕೊಟ್ಟೇ ಆಜ್ಞೆ ಹೊರಡಿಸಬೇಕಾದರೂ, ತುರ್ತಿದ್ದಲ್ಲಿ ನೋಟಿಸಿಲ್ಲದೆಯೇ ಮಧ್ಯಂತರ ತಡೆಯಾಜ್ಞೆ ಕೊಡುವ ಅಧಿಕಾರ ದಂಡಾಧಿಕಾರಿಗಿದೆ. ಮದುವೆ ‘ಏರ್ಪಟ್ಟಿದ್ದರೆ’ ಸಾಕು ಎಂದು ಕಲಮು ಹೇಳುವುದರಿಂದ, ಮಾತು ಗಟ್ಟಿಯಾಗಿ ನಿಶ್ಚಿತಾರ್ಥವಾದ ದಿನವೇ ಅರ್ಜಿ ಹಾಕಬಹುದು. ಅರಿಶಿನ ಹಚ್ಚುವವರೆಗೆ ಕಾಯುವುದು ಬುದ್ಧಿಗೇಡಿತನ.

ಗಡಿಯವರಿಗೆ ಈ ಆಜ್ಞೆ ಏಕೆ ಹೆಚ್ಚು ಮುಖ್ಯ ಎಂಬುದನ್ನು ತಿಳಿಯಬೇಕು. ಕರ್ನಾಟಕವು 2016ರ ತಿದ್ದುಪಡಿಯಿಂದ ತನ್ನಲ್ಲಿ ನಡೆಯುವ ಬಾಲ್ಯವಿವಾಹಗಳನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿದೆ. ಕೇಂದ್ರದ ಮೂಲ ಕಾಯ್ದೆ ನಡೆಯುವ ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಮದುವೆ ಮಾಡಿಸಿದವರಿಗೆ ಶಿಕ್ಷೆಯುಂಟು, ಆದರೆ ಆ ಮದುವೆ ಜಿಲ್ಲಾ ನ್ಯಾಯಾಲಯ ರದ್ದುಪಡಿಸುವವರೆಗೆ ಊರ್ಜಿತದಲ್ಲಿರುತ್ತದೆ. ನಮ್ಮ ತಾಲ್ಲೂಕಿನ ಉಮದಿಯಲ್ಲಿ ಕಟ್ಟಿದ ತಾಳಿಗೂ ಚಡಚಣದಲ್ಲಿ ಕಟ್ಟಿದ ತಾಳಿಗೂ ಕಾನೂನಿನ ಕಣ್ಣಿನಲ್ಲಿ ಇಷ್ಟು ಅಂತರ. ಆದರೆ ತಡೆಯಾಜ್ಞೆ ಇದ್ದಾಗ ಅದನ್ನು ಮೀರಿದ ಮದುವೆ 14ನೆಯ ಕಲಮಿನಂತೆ ಮೊದಲಿನಿಂದಲೇ ಅಸಿಂಧು, ಮೀರಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಆಜ್ಞೆ ಮೀರಿದ್ದಕ್ಕೆ ಹೆಂಗಸರಿಗೆ ಮಾತ್ರ ಸೆರೆವಾಸವಿಲ್ಲ.

ಆಜ್ಞೆಯಲ್ಲಿ ಹೆಸರುಗಳನ್ನು ಧಾರಾಳವಾಗಿ ಸೇರಿಸಿಸಿ: ಎರಡೂ ಕಡೆಯ ತಂದೆ ತಾಯಿ, ಮದುಮಗ, ಸೋದರಮಾವ, ಗಡಿಯಾಚೆ ತೋಟವಿರುವ ಬೀಗರು, ಅಕ್ಷತೆ ಹಾಕಿಸುವ ಐನೋರು. ಮದುವೆ ಮಾಡಿಸಿದವರಿಗೂ, ಮಾಡಲು ಬಿಟ್ಟವರಿಗೂ, ಗೊತ್ತಿದ್ದು ಪಾಲ್ಗೊಂಡವರಿಗೂ ಕಾಯ್ದೆಯಲ್ಲಿ ಎರಡು ವರ್ಷದವರೆಗಿನ ಕಠಿಣ ಸೆರೆ ಇದೆಯೆಂದು ಐನೋರಿಗೆ ಒಮ್ಮೆ ಸಮಾಧಾನವಾಗಿ ಓದಿಹೇಳಿದರೆ, ನನ್ನ ಅನುಭವದಲ್ಲಿ, ಮುಹೂರ್ತವೇ ಸಿಗುವುದಿಲ್ಲ. ಆಜ್ಞೆಯ ಒಂದು ಪ್ರತಿಯನ್ನು ಆಚೆಯ ಠಾಣೆಗೂ ತಲುಪಿಸಿ, ತಲುಪಿದ್ದಕ್ಕೆ ಸಹಿ ಪಡೆಯಿರಿ.

ಐದನೆಯ ಹಂತ: ಹಂದರಕ್ಕೆ ಗುಂಪು ಕಟ್ಟಿಕೊಂಡು ಹೋಗಬೇಡಿ, ಹುಡುಗಿಯ ಚಿತ್ರ ತೆಗೆಯಬೇಡಿ, ಹಂಚಬೇಡಿ.

ಆರನೆಯ ಹಂತ: ನಿಂತ ಮದುವೆಯ ಮರುದಿನ

ಆ ರಾತ್ರಿ ಹುಡುಗಿಯನ್ನು ಕೆರಳಿದ ಮನೆಯಲ್ಲಿ ಒಂಟಿಯಾಗಿ ಬಿಟ್ಟುಬರುವುದು ದೊಡ್ಡ ತಪ್ಪು. ಮದುವೆಯ ಅಪಾಯದಲ್ಲಿರುವ ಮಗು ಬಾಲನ್ಯಾಯ ಕಾಯ್ದೆಯಲ್ಲಿ ರಕ್ಷಣೆ ಬೇಕಾದ ಮಗು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಗೇ ಕಳಿಸಬೇಕೆ, ಅಜ್ಜಿಯ ಊರಿಗೆ ಕಳಿಸಬೇಕೆ, ಬಾಲಿಕಾಗೃಹಕ್ಕೆ ಕಳಿಸಬೇಕೆ ಎಂಬುದನ್ನು ಆಕೆಯ ಮಾತು ಕೇಳಿ ಸಮಿತಿ ನಿರ್ಧರಿಸಲಿ. ನನ್ನ ಮತದಲ್ಲಿ ವಸತಿಶಾಲೆಯೇ ಎಲ್ಲಕ್ಕಿಂತ ಮೇಲು, ಏಕೆಂದರೆ ಟೋಳಿ ಹೊರಡುವ ಆರು ತಿಂಗಳ ಪ್ರಶ್ನೆಗೆ ಅದರಲ್ಲಿಯೇ ಉತ್ತರವಿದೆ.

‘ಇನ್ನು ಎರಡು ತಿಂಗಳಿಗೆ 18 ತುಂಬುತ್ತದೆ, ಬಿಡಿ’ ಎಂದು ಹಿರಿಯರು ಬರುತ್ತಾರೆ. ಹಾಗಿದ್ದರೆ ಎರಡು ತಿಂಗಳು ತಡೆಯಲಿ ಎಂಬುದೇ ನಿಮ್ಮ ಉತ್ತರವಾಗಿರಲಿ. ತಾಯಂದಿರ ಬಳಿ ಮಾತ್ರ ಕಾನೂನಿನ ಮಾತಿಗಿಂತ ಹೆರಿಗೆಯ ಮಾತು ನಾಟುತ್ತದೆ: ಎಲುಬು ಪೂರ್ತಿ ಬೆಳೆಯದ ಹುಡುಗಿಗೆ ಹೆರಿಗೆಯಲ್ಲಿ ಮಗು ಸಿಕ್ಕಿಕೊಳ್ಳುವ ಭಯ, ರಕ್ತಹೀನತೆ, ನಂಜು, ತೂಕವಿಲ್ಲದ ಕೂಸು. ಅವರಲ್ಲಿ ಹಲವರು ಅದನ್ನು ತಮ್ಮ ಮೈಮೇಲೆಯೇ ಕಂಡವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ 20ರಿಂದ 24 ವರ್ಷದ ಹೆಂಗಸರ ಪೈಕಿ 18ಕ್ಕೆ ಮೊದಲೇ ಮದುವೆಯಾದವರು ಮಹಾರಾಷ್ಟ್ರದಲ್ಲಿ ಶೇ 21.9, ಕರ್ನಾಟಕದಲ್ಲಿ ಶೇ 21.3, ಗಡಿಯ ಯಾವ ಬದಿಯೂ ಬೀಗುವಂತಿಲ್ಲ.

ಮದುವೆ ಆಗಿಯೇ ಹೋಗಿದ್ದರೆ

ಆಗಲೂ ಬಾಗಿಲು ಮುಚ್ಚಿಲ್ಲ. ಹುಡುಗಿ ತನಗೆ 20 ತುಂಬುವವರೆಗೆ ಜಿಲ್ಲಾ ನ್ಯಾಯಾಲಯದಲ್ಲಿ ಮದುವೆಯನ್ನು ರದ್ದುಪಡಿಸಲು ಅರ್ಜಿ ಹಾಕಬಹುದು. ಇನ್ನೂ ಅಪ್ರಾಪ್ತಳಾಗಿದ್ದರೆ ಪೋಷಕರು ಅಥವಾ ಹಿತೈಷಿಯೊಬ್ಬರು ನಿಷೇಧ ಅಧಿಕಾರಿಯ ಜೊತೆಗೂಡಿ ಹಾಕಬೇಕು. ರದ್ದಾದ ಮೇಲೂ ಮರುಮದುವೆಯವರೆಗೆ ಜೀವನಾಂಶ ಕೇಳುವ ಹಕ್ಕು ಆಕೆಗಿದೆ, ಮಗುವಿದ್ದರೆ ಅದು ಕಾನೂನಿನಂತೆ ಸಕ್ರಮ ಸಂತಾನವೇ. ಬಲವಂತದಿಂದ, ಮೋಸದಿಂದ ಅಥವಾ ಹಣಕ್ಕೆ ಮಾರಿ ಮಾಡಿದ ಮದುವೆಯಾದರೆ ಅದು ಮೊದಲಿನಿಂದಲೇ ಅಸಿಂಧು. ಪತ್ನಿಯಾದರೂ 18ರೊಳಗಿನವಳ ಜೊತೆಗಿನ ದೈಹಿಕ ಸಂಬಂಧ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ ಮೇಲೆ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಪ್ರಕರಣಕ್ಕೆ ಹೆದರಿ ಬಸುರಿ ಹುಡುಗಿಯರನ್ನು ದವಾಖಾನೆಗೆ ತೋರಿಸದೆ ಮನೆಯಲ್ಲಿಯೇ ಹೆರಿಗೆ ಮಾಡಿಸುವವರಿದ್ದಾರೆ. ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ನಿಜ. ಆದರೂ ಮೊದಲು ದವಾಖಾನೆ, ಪ್ರಕರಣದ ಮಾತು ಆಮೇಲೆ.

ತಡೆಯಾಜ್ಞೆಯ ಒಂದು ಪ್ರತಿ ಶಾಲೆಯಲ್ಲಿ, ಒಂದು ಅಂಗನವಾಡಿಯಲ್ಲಿ, ಒಂದು ಹುಡುಗಿ ನಂಬುವ ಅತ್ತೆಯೋ ಚಿಕ್ಕಮ್ಮನೋ ಇರುವ ಮನೆಯಲ್ಲಿ ಇರಲಿ. ಆಕೆಗೆ 18 ತುಂಬುವ ತಾರೀಖನ್ನು ಶಾಲೆಯ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಪ್ರತಿ ವರ್ಷ ಟೋಳಿಯ ಟ್ರ್ಯಾಕ್ಟರ್ ಊರು ಬಿಡುವ ಹಿಂದಿನ ವಾರ ಯಾರಾದರೊಬ್ಬರು ಆ ಮನೆಗೆ ಹೋಗಿ ಹುಡುಗಿಯನ್ನು ಕಣ್ಣಾರೆ ಕಂಡು ಬರಬೇಕು.